ಎಂಬತ್ತರ ಬೀಗ

ಪೆಟ್ರೋಲ್ ಬಂಕುಗಳೆಲ್ಲ ಚಾರ್ಜಿಂಗ್ ಕಟ್ಟೆಗಳಾಗಿ ಬಹಳ ಕಾಲವಾದ ಮೇಲೆ, ಒಂದು ವರ್ಷ ಹೊರದೇಶಗಳಿಂದ ಬರುತ್ತಿದ್ದ ಲಿಥಿಯಂ ನಿಂತುಹೋಯಿತು. ಹೊಸ ಬ್ಯಾಟರಿಯ ಬೆಲೆ ಕಾರಿನ ಬೆಲೆಯನ್ನೂ ಮೀರಿತು. ದುಡ್ಡು ಕೊಡುತ್ತೇನೆಂದರೂ ಸಿಗುವ ಭರವಸೆಯಿರಲಿಲ್ಲ. ಇದ್ದ ಬ್ಯಾಟರಿಗಳೇ ಇನ್ನೊಂದು ತಲೆಮಾರು ಬಾಳಬೇಕಾಯಿತು. ಆಗ ಸರಕಾರ ವಿಜಯಪುರದಲ್ಲಿ ಬ್ಯಾಟರಿ ಸಂರಕ್ಷಣಾ ಕೇಂದ್ರವನ್ನು ತೆರೆಯಿತು. ಜನ ಅದನ್ನು ಕರೆದದ್ದು ‘ಬೀಗದ ಆಫೀಸು’ ಎಂದು.

ಆ ಬೀಗ ಕಣ್ಣಿಗೆ ಕಾಣುವಂಥದ್ದಲ್ಲ. ರಾಜ್ಯದ ಪ್ರತಿಯೊಂದು ಕಾರಿನೊಳಗೂ ಗಾಳಿಯಲ್ಲಿ ಹಾದುಬಂದು ಕುಳಿತ ಒಂದು ಆಜ್ಞೆ ಅದು. ಬ್ಯಾಟರಿ ನೂರಕ್ಕೆ ಎಂಬತ್ತು ತುಂಬಿದ ಕೂಡಲೇ ಚಾರ್ಜಿಂಗ್ ನಿಲ್ಲುತ್ತಿತ್ತು. ಎಷ್ಟು ಹೊತ್ತು ವೈರು ಚುಚ್ಚಿಟ್ಟರೂ ಎಂಬತ್ತೊಂದು ಆಗುತ್ತಿರಲಿಲ್ಲ.

ಬೀಗವನ್ನು ಬರೆದವಳು ದಾನೇಶ್ವರಿ ಹಂಚಿನಾಳ. ಶಾಲೆ ಕಾಲೇಜುಗಳಿಗೆ ಹೋದಾಗ ಅವಳು ಅದನ್ನು ಸಂತೆಯ ದಿನದ ಬಸ್ಸಿನ ಲೆಕ್ಕದಲ್ಲಿ ವಿವರಿಸುತ್ತಿದ್ದಳು. “ಸೀಟು ತುಂಬಿ ನಾಲ್ಕು ಮಂದಿ ನಿಂತರೆ ಬಸ್ಸಿಗೆ ಏನೂ ಆಗುವುದಿಲ್ಲ. ಬಾಗಿಲಿಗೆ ಜೋತುಬೀಳುವಷ್ಟು ತುಂಬಿ, ಅದನ್ನು ನಮ್ಮ ಊರಿನ ಬಿಸಿಲಲ್ಲಿ ದಿನವಿಡೀ ನಿಲ್ಲಿಸಿದರೆ? ಕಿಟಕಿ ಬಿರಿಯುತ್ತದೆ, ಸೀಟು ಹರಿಯುತ್ತದೆ. ಬ್ಯಾಟರಿಯೊಳಗಿನ ಲಿಥಿಯಂ ಕಣಗಳೂ ಹಾಗೇ. ಪೂರ್ತಿ ತುಂಬಿಸಿ ಬಿಸಿಲಲ್ಲಿ ಬಿಟ್ಟ ಬ್ಯಾಟರಿ ಒಳಗೊಳಗೇ ಸವೆಯುತ್ತದೆ.” ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಮೊದಲು ಬೈದ ಜನ ಬರಬರುತ್ತ ಹೊಂದಿಕೊಂಡರು. ಸೊಲ್ಲಾಪುರಕ್ಕೆ ಹೋಗುವವರು ನಡುದಾರಿಯಲ್ಲಿ ಒಂದು ಕಟ್ಟೆ ಹಿಡಿದು ನಿಲ್ಲುತ್ತಿದ್ದರು. ಆ ಕಟ್ಟೆಗಳ ಸುತ್ತ ಮಿರ್ಚಿ ಭಜಿ, ಚುರುಮುರಿಯ ಅಂಗಡಿಗಳು ಹುಟ್ಟಿಕೊಂಡವು. ಮದುವೆಯ ಮುಹೂರ್ತ ಇಡುವಾಗ ಬೀಗರ ಊರು ಎಷ್ಟು ದೂರ ಎಂದು ಕೇಳುವುದು ರೂಢಿಯಾಯಿತು. ಹೆಂಗಸರು ಎದುರು ಸಿಕ್ಕಾಗ “ಊಟ ಆತೇನ್ರಿ?” ಎಂದು ಕೇಳುವಂತೆ ಗಂಡಸರು “ಎಂಬತ್ತ ಆತೇನ?” ಎಂದು ಕೇಳತೊಡಗಿದರು. ಆಂಬುಲೆನ್ಸು, ಪೊಲೀಸು, ಅಗ್ನಿಶಾಮಕ ದಳದ ಗಾಡಿಗಳಿಗೆ ಮಾತ್ರ ಬೀಗವಿರಲಿಲ್ಲ. ಬೀಗದ ಆಫೀಸಿನ ಸ್ವಂತ ಗಾಡಿಗಳಿಗೂ ಇರಲಿಲ್ಲ.

ನಾಲ್ಕು ವರ್ಷದ ಹೊತ್ತಿಗೆ ಬ್ಯಾಟರಿಗಳು ಸವೆಯುವ ವೇಗ ಅರ್ಧಕ್ಕಿಳಿದಿತ್ತು. ದಾನೇಶ್ವರಿಗೆ ರಾಜಧಾನಿಯಲ್ಲಿ ಸನ್ಮಾನವಾಯಿತು. ದನದ ಡಾಕ್ಟರಾಗಿದ್ದ ಗಂಡ ಮಹಾಂತೇಶ ಅವಳನ್ನು ಛೇಡಿಸುತ್ತಿದ್ದ. ಮೂರನೆಯ ರೊಟ್ಟಿಗೆ ಕೈ ಹಾಕುವಾಗ “ಇದಕ್ಕೇನರ ಬೀಗ ಐತೇನು ಮನ್ಯಾಗ?” ಎಂದು ಕೇಳಿಯೇ ತಾಟಿಗೆ ಹಾಕಿಕೊಳ್ಳುತ್ತಿದ್ದ.

ಐದನೆಯ ಬೇಸಿಗೆಯಲ್ಲಿ ಒಂದು ಹೊಸ ಬಗೆಯ ದೂರು ಬರತೊಡಗಿತು. ಮೀಟರಿನಲ್ಲಿ ಇನ್ನೂ ಚಾರ್ಜು ತೋರಿಸುತ್ತಿರುವಾಗಲೇ ಗಾಡಿ ನಿಂತುಹೋಯಿತು ಎಂದು. ಅಲ್ಲೊಂದು ಇಲ್ಲೊಂದು ಬರುತ್ತಿದ್ದದ್ದು ದಿನಕ್ಕೆ ಹತ್ತು ಹದಿನೈದಾಯಿತು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯಲ್ಲಿ ಹಾಗೆ ನಿಂತ ಗಾಡಿಗಳು ಕೆಂಪು ಚುಕ್ಕೆಯಾಗಿ ಕಾಣುತ್ತಿದ್ದವು. ಕೇಂದ್ರಕ್ಕೆ ತಲುಪುತ್ತಿದ್ದದ್ದು ಗಾಡಿ ನಿಂತಾಗಿನ ಕೊನೆಯ ಅಂಕಿ. ಅದು ಪ್ರತಿ ಸಲವೂ ಸೊನ್ನೆ. ಸೊನ್ನೆಯಾಗುವ ತನಕ ಓಡಿಸಿ, ಈಗ ಮೀಟರಿನ ಮೇಲೆ ತಪ್ಪು ಹೊರಿಸುತ್ತಿದ್ದಾರೆ ಎಂದು ದಾನೇಶ್ವರಿ ತಿಳಿದಳು. ‘ಚಾಲಕರ ಅಜಾಗರೂಕತೆ’ ಎಂಬ ಉತ್ತರ ಎಲ್ಲರಿಗೂ ಹೋಗುತ್ತಿತ್ತು, ಅವಳ ಸಹಿಯೊಂದಿಗೆ.

ಅಂಥ ಉತ್ತರ ಪಡೆದವರಲ್ಲಿ ಒಬ್ಬಳು ಮಾತ್ರ ಆಫೀಸಿಗೇ ಬಂದಳು. ಮುಳವಾಡದ ರಾಜಮಾ ನದಾಫ. ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ಬಾಡಿಗೆ ಕಾರನ್ನು ತಾನೇ ಓಡಿಸಿ ಮಗನನ್ನು ಬೆಳೆಸಿದವಳು. ನಿಯಂತ್ರಣ ಕೊಠಡಿಯ ತಣ್ಣನೆಯ ಗಾಳಿಗೆ ಸೆರಗನ್ನು ಭುಜದ ತುಂಬ ಹೊದ್ದುಕೊಂಡು ನಿಂತಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸೊಸಿಗೆ ಬ್ಯಾನಿ ಸುರು ಆಗಿದ್ವುರಿ,” ಎಂದಳು. “ದಿನ ಇನ್ನೂ ತುಂಬಿರಲಿಲ್ಲ. ಆಂಬುಲೆನ್ಸು ಬರೂದ್ರಾಗ ನಾನ ಮುಟ್ಟಸ್ತೀನಿ ಅಂತ ಕೂರಿಸ್ಕೊಂಡು ಹೊಂಟೆ. ದೊಡ್ಡಾಸ್ಪತ್ರಿ ಮುಟ್ಟಾಕ ಹದಿನೈದು ಸಾಕು, ಮೀಟರ್‌ನ್ಯಾಗ ನಲವತ್ತೊಂದಿತ್ತು. ವಿಜಯಪುರ ಇನ್ನೇನು ಬಂತು ಅನ್ನೂದ್ರಾಗ ಗಾಡಿ ನಿಂತಬಿಡ್ತು. ನಿಂದರೂ ಮುಂದ ಇಪ್ಪತ್ತೆಂಟಿತ್ತು ಮೇಡಮ್ಮಾರ. ನನ್ನ ಕಣ್ಣಾರೆ ನೋಡೇನಿ.”

“ಆಮೇಲ?”

“ಆಮೇಲ ಏನೈತಿ. ಸುಡು ಬಿಸಲಾಗ, ಗಾಡ್ಯಾಗ ಹಡದ್ಲು. ನಾನ ಹಡಸಿದೆ. ಯಾವನೋ ಟ್ರ್ಯಾಕ್ಟರಿನಂವ ಕೈ ಮಾಡಿದ್ದಕ್ಕ ನಿಂತ. ಕೂಸು ಅಂಗೈಯಷ್ಟೈತಿ. ಗಾಜಿನ ಪೆಟಗ್ಯಾಗ ಇಟ್ಟಾರ.”

ದಾನೇಶ್ವರಿ ಪರದೆಯಲ್ಲಿ ಆ ಗಾಡಿಯ ದಾಖಲೆ ತೆಗೆದಳು. ಕೊನೆಯ ಅಂಕಿ ಸೊನ್ನೆ. “ಅಕ್ಕಾರ, ಅಂಥಾ ಹೊತ್ತಿನ್ಯಾಗ ಮೀಟರ್ ಸರಿಯಾಗಿ ನೋಡಾಕ ಆಗಿರಲಿಕ್ಕಿಲ್ಲ. ನಮ್ಮ ಕಡೆ ಸೊನ್ನೆ ತೋರಸ್ತೈತಿ,” ಎಂದು ಮೆಲ್ಲಗೆ ಹೇಳಿದಳು. ಗದರಬೇಕೆಂದು ಹೇಳಿದ್ದಲ್ಲ. ಅವಳಿಗೆ ನಿಜಕ್ಕೂ ಕನಿಕರವಿತ್ತು.

“ನಾ ರೊಕ್ಕ ಬೇಡಾಕ ಬಂದಿಲ್ರಿ. ಅಜಾಗರೂಕತೆ ಅಂತ ಬರದು ಕಳಿಸೀರಲ್ಲ, ಅದನ್ನ ನನ್ನ ಮಗ ಓದ್ಯಾನ. ಚಾರ್ಜು ಇಲ್ಲದ ಗಾಡ್ಯಾಗ ನನ್ನ ಹೇಣ್ತಿನ ಕರಕೊಂಡು ಹ್ವಾದಿ, ಮ್ಯಾಲ ಸುಳ್ಳು ಹೇಳ್ತಿ ಅಂತಾನ. ಗಾಡಿ ಚಾವಿ ಕಸಗೊಂಡಾನ. ಆ ಒಂದ ಮಾತು ಅಳಸ್ರಿ. ಅಷ್ಟ ಸಾಕು.”

ದಾಖಲೆಯಲ್ಲಿ ಸೊನ್ನೆ ಇರುವಾಗ ಅಳಿಸುವುದು ಹೇಗೆ? ಆಗುವುದಿಲ್ಲ ಎಂದಳು ದಾನೇಶ್ವರಿ. ರಾಜಮಾ ಪರದೆಯ ಕೆಂಪು ಚುಕ್ಕೆಗಳನ್ನು ಒಂದು ಸಲ ಪೂರ್ತಿಯಾಗಿ ನೋಡಿ, “ಇಷ್ಟೂ ಮಂದಿ ಸುಳ್ಳು ಹೇಳ್ತಾರೇನ್ರಿ?” ಎಂದು ಕೇಳಿ ಹೊರಟುಹೋದಳು.

ಅದಾದ ಮುಂದಿನ ಭಾನುವಾರ ಗಂಡ ಹೆಂಡತಿ ಮುದ್ದೇಬಿಹಾಳಕ್ಕೆ ಹೋಗಿದ್ದರು. ಮಹಾಂತೇಶನ ಅಕ್ಕನ ಮನೆ. ಆಫೀಸಿನ ಗಾಡಿಯನ್ನು ಮನೆಗೆಲಸಕ್ಕೆ ಬಳಸುವಂತಿರಲಿಲ್ಲವಾದ್ದರಿಂದ ಮಹಾಂತೇಶನ ಕಾರೇ ಆಗಬೇಕು. ಅವನು ದಿನವೂ ಹತ್ತಿರದ ಹಳ್ಳಿಗಳನ್ನು ಸುತ್ತುವವನು. ಪಶು ಆಸ್ಪತ್ರೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುತ್ತಿದ್ದುದರಿಂದ ಮೀಟರು ಐವತ್ತರ ಕೆಳಗೆ ಇಳಿದದ್ದೇ ಕಡಿಮೆ. ಬರುವಾಗ ಊಟದ ಭಾರಕ್ಕೆ ಅವನಿಗೆ ತೂಕಡಿಕೆ ಬಂದು ದಾನೇಶ್ವರಿಯೇ ಓಡಿಸುತ್ತಿದ್ದಳು. ಮನಗೂಳಿ ದಾಟಿದ ಮೇಲೆ, ಸಂಜೆಯ ಬಿಸಿಲಲ್ಲಿ, ಗಾಡಿ ಒಮ್ಮೆ ಜಗ್ಗಿದಂತಾಯಿತು. ಅವಳು ಮೀಟರು ನೋಡಿದಳು. ಮೂವತ್ತೊಂದು. ಮತ್ತೆ ಜಗ್ಗಿತು. ರಸ್ತೆಯ ಬದಿಗೆ ಎಳೆದುಕೊಳ್ಳುವಷ್ಟು ಕಸುವು ಮಾತ್ರ ಉಳಿದಿತ್ತು. ಗಾಡಿ ನಿಂತಿತು. ಅವಳು ನೋಡುತ್ತಿದ್ದಂತೆ ಮೂವತ್ತೊಂದು ಇದ್ದ ಜಾಗದಲ್ಲಿ ಸೊನ್ನೆ ಬಂತು.

ಮಹಾಂತೇಶ ಎಚ್ಚರವಾಗಿ ಸುತ್ತ ನೋಡಿದ. “ಯಾಕ, ಏನಾತು?”

“ಮೂವತ್ತೊಂದಿತ್ತು,” ಎಂದಳು ದಾನೇಶ್ವರಿ. “ಈಗ ಮೂವತ್ತೊಂದಿತ್ತು. ನೀವು ನೋಡಿದ್ರಿಲ್ಲೊ?”

“ನಾ ಮಲಗಿದ್ನಲ್ಲ ಮಾರಾಯ್ತಿ.”

“ನಾ ನೋಡೇನಿ. ಕಣ್ಣಾರೆ ನೋಡೇನಿ,” ಎಂದಳು. ಹೇಳಿದ ಮೇಲೆ ಆ ಮಾತು ಯಾರದ್ದೆಂದು ಹೊಳೆಯಿತು. ಸ್ಟೀರಿಂಗಿನ ಮೇಲಿದ್ದ ಕೈ ತೆಗೆಯದೆ ಹಾಗೇ ಕುಳಿತಳು. ದೂರುಗಳ ಸುದ್ದಿ ಕೇಳಿದ್ದ ಮಹಾಂತೇಶನಿಗೆ ಅರ್ಥವಾಗಿರಬೇಕು. ಛೇಡಿಸಲು ಬಾಯಿ ತೆರೆದವನು ಅದನ್ನು ಬಿಟ್ಟು, ಕೆಳಗಿಳಿದು, ಬರುವ ಗಾಡಿಗಳಿಗೆ ಕೈ ಮಾಡತೊಡಗಿದ.

ಮರುದಿನ ಬೆಳಿಗ್ಗೆ ಕಾರನ್ನು ಎಳೆಸಿಕೊಂಡು ಬಂದು ಕೇಂದ್ರದ ಲ್ಯಾಬಿಗೆ ಹಾಕಿಸಿದಳು. ಚಾರ್ಜಿಗೆ ಹಾಕಿದ ಕೂಡಲೇ ಮೀಟರು ಸೊನ್ನೆಯನ್ನು ಬಿಟ್ಟು ತನ್ನ ಹಳೆಯ ಮೂವತ್ತೊಂದರಿಂದಲೇ ಎಣಿಸತೊಡಗಿತು. ಬ್ಯಾಟರಿಯನ್ನು ಬೀಗ ಮುಚ್ಚುವ ತನಕ ತುಂಬಿಸಿ, ಆಮೇಲೆ ಬರಿದು ಮಾಡಿ, ಒಳಗೆ ನಿಜಕ್ಕೂ ಎಷ್ಟಿತ್ತೆಂದು ಅಳೆದರು. ಮೀಟರು ಎಂಬತ್ತು ಎಂದಿತ್ತು. ಒಳಗಿದ್ದದ್ದು ಐವತ್ತರ ಸಮೀಪ.

ಬ್ಯಾಟರಿ ಸವೆದಿರಲಿಲ್ಲ. ಬೀಗ ತನ್ನ ಕೆಲಸ ಮಾಡಿತ್ತು, ಒಳಗೆಲ್ಲ ಹೊಸದರಂತೆಯೇ ಇತ್ತು. ಕೆಟ್ಟಿದ್ದದ್ದು ಲೆಕ್ಕ. ಹಾಗಾದರೆ ಲ್ಯಾಬಿನ ಬಿಸಿ ಕಪಾಟುಗಳಲ್ಲಿ ಪರೀಕ್ಷೆಗೆಂದು ಇಟ್ಟ ಇದೇ ಕಂಪನಿಯ, ಇದೇ ಬಗೆಯ ಬ್ಯಾಟರಿಗಳು ಇದೇ ಬೀಗದಡಿ ನಾಲ್ಕು ವರ್ಷದಿಂದ ಇವೆಯಲ್ಲ, ಅವುಗಳ ಲೆಕ್ಕ ಯಾಕೆ ತಪ್ಪಿಲ್ಲ? ದಾನೇಶ್ವರಿ ಕಪಾಟುಗಳ ಮುಂದೆ ಅತ್ತಿಂದಿತ್ತ ಓಡಾಡಿದಳು. ಹುಡುಕಲು ಏನೂ ಇರಲಿಲ್ಲ. ಅದೇ ಬಿಸಿ, ಅದೇ ಬೀಗ.

ಅಷ್ಟರಲ್ಲಿ ಲ್ಯಾಬಿನವರು ಪ್ರತಿ ಸೋಮವಾರದ ತಮ್ಮ ಕೆಲಸ ಶುರುಮಾಡಿದರು. ಯಾವ ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡಲು ಅದರ ಬೀಗ ತೆಗೆದು, ಒಂದು ಸಲ ನೂರರ ತನಕ ತುಂಬಿಸಿ ಅಳೆಯುವುದು. ಯಂತ್ರದ ಪರದೆಯ ಮೇಲೆ ವೋಲ್ಟೇಜಿನ ಗೆರೆ ಬಹಳ ಹೊತ್ತು ಮಲಗಿದಂತೆ ಸಪಾಟಾಗಿ ಸಾಗಿ, ಬ್ಯಾಟರಿ ತುಂಬುವ ಹೊತ್ತಿಗೆ ಫಕ್ಕನೆ ಮೇಲಕ್ಕೆದ್ದಿತು. ಅದೇ ಕ್ಷಣ ಮೀಟರಿನ ಅಂಕಿ ತೊಂಬತ್ತೆಂಟರಿಂದ ನೂರಕ್ಕೆ ಜಿಗಿದು ನಿಂತಿತು.

ಆ ಜಿಗಿತವನ್ನು ದಾನೇಶ್ವರಿ ನೂರಾರು ಸಲ ನೋಡಿದ್ದಳು. ಇವತ್ತು ನೋಡಿ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ರಾಜ್ಯದ ಕಾರುಗಳಲ್ಲಿ ಅರ್ಧದಷ್ಟು ಕಬ್ಬಿಣ ಬೆರೆತ ಬಗೆಯ ಬ್ಯಾಟರಿಯವು. ಬೆಲೆ ಕಡಿಮೆ, ಗಟ್ಟಿ. ಆದರೆ ಆ ಬ್ಯಾಟರಿಗೆ ಒಂದು ಗುಣವಿದೆ. ಅರ್ಧ ತುಂಬಿರಲಿ, ಮುಕ್ಕಾಲು ತುಂಬಿರಲಿ, ಹೊರಗಿನಿಂದ ವೋಲ್ಟೇಜು ನೋಡಿದರೆ ಎಲ್ಲ ಒಂದೇ. ನೆಲದೊಳಗೆ ಕಾಳು ತುಂಬಿಡುವ, ಒಳಗೆಷ್ಟಿದೆ ಎಂದು ಕಾಣದ ಹಗೇವಿನಂತೆ. ಮೀಟರು ಒಳಹೋದದ್ದನ್ನೂ ಹೊರಬಂದದ್ದನ್ನೂ ಎಣಿಸುತ್ತ ಅಂದಾಜು ಕಟ್ಟಬೇಕು. ಪ್ರತಿ ಎಣಿಕೆಯಲ್ಲೂ ಚೂರು ತಪ್ಪುತ್ತದೆ. ಬ್ಯಾಟರಿ ಪೂರ್ತಿ ತುಂಬಿ ವೋಲ್ಟೇಜು ಎದ್ದಾಗ ಮಾತ್ರ ಮೀಟರಿಗೆ ‘ಓಹೋ, ಇದು ನೂರು’ ಎಂದು ಗೊತ್ತಾಗಿ ಅದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎಂಬತ್ತರ ಬೀಗ ಬಿದ್ದ ಮೇಲೆ ಆ ಕಾರುಗಳು ನೂರನ್ನು ಕಂಡೇ ಇರಲಿಲ್ಲ. ಚೂರು ಚೂರು ತಪ್ಪು ವರ್ಷಗಟ್ಟಲೆ ಕೂಡುತ್ತ ಬಂದಿತ್ತು. ಲ್ಯಾಬಿನ ಬ್ಯಾಟರಿಗಳಿಗೆ ವಾರಕ್ಕೊಮ್ಮೆ ನೂರು ಸಿಗುತ್ತಿತ್ತು. ಆಫೀಸಿನ ಗಾಡಿಗಳಿಗೆ ದಿನವೂ ಸಿಗುತ್ತಿತ್ತು. ಸಿಗದೇ ಹೋದದ್ದು ರಾಜಮಾಳಂಥವರಿಗೆ.

ಮಧ್ಯಾಹ್ನ ಅವಳು ಕೇಂದ್ರದ ನಿರ್ದೇಶಕ ಶ್ರೀಪಾದ ಗಲಗಲಿಯವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವಳನ್ನು ಕೆಲಸಕ್ಕೆ ತೆಗೆದುಕೊಂಡವರೂ, ಕಲಿಸಿದವರೂ ಅವರೇ. ಮಾತು ಮುಗಿಯುವ ತನಕ ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತ ಕುಳಿತಿದ್ದರು.

“ಸರಿಪಡಿಸೋದು ಸರಳ ಅದ,” ಎಂದರು. “ವಾರಕ್ಕೊಮ್ಮೆ ಬೀಗ ತಾನಾಗಿ ತೆರೀಲಿ. ಅವತ್ತು ಬ್ಯಾಟರಿ ನೂರಾಗ್ತದ, ಮೀಟರು ಸರಿ ಹೋಗ್ತದ. ಆ ಹೊಸ ಆಜ್ಞೆ ಇವತ್ತ ಕಳಸು. ಯಾರಿಗೂ ಗೊತ್ತಾಗೂದಿಲ್ಲ.”

“ಗೊತ್ತಾಗಬೇಕಲ್ರಿ ಸರ್. ನಾವು ಅವರಿಗೆ ಅಜಾಗರೂಕತೆ ಅಂತ ಬರದೇವಿ.”

“ದಾನೇಶ್ವರಿ, ನಾನೂ ಮನಷ್ಯಾನ ಇದ್ದೀನಿ. ಆದ್ರ ಹಿಂಗ ವಿಚಾರ ಮಾಡು. ಬೀಗದಿಂದ ತಪ್ಪಾತು ಅಂತ ನಾವ ಒಪ್ಪಿಕೊಂಡ್ರ ನಾಳಿಂದ ಮಂದಿ ಏನು ಮಾಡ್ತಾರ? ಬೀಗ ಒಡಿಸಿ ದಿನಾ ನೂರು ತುಂಬತಾರ. ಬಿಸಲಾಗ ನಿಲ್ಲಸ್ತಾರ. ಎಂಟು ವರ್ಷದಾಗ ಒಂದು ಬ್ಯಾಟರೀನೂ ಉಳಿಯೂದಿಲ್ಲ. ಹೊಸಾವು ಎಲ್ಲಿಂದ ತರ್ತಿ?”

ಆ ಮಾತಿನಲ್ಲಿ ನಿಜವಿತ್ತು. ಆದರೂ ದಾನೇಶ್ವರಿ, “ಆ ಹೆಂಗಸಿಗೆ ಏನು ಹೇಳಲ್ರಿ ಸರ್?” ಎಂದಳು.

“ಯಾವ ಹೆಂಗಸು?”

ಅವರಿಗೆ ಗೊತ್ತಿರಲಿಲ್ಲ. ಗೊತ್ತಿರುವುದು ಸಾಧ್ಯವೂ ಇರಲಿಲ್ಲ. ದೂರುಗಳು ದಾನೇಶ್ವರಿಯ ಮೇಜು ದಾಟಿ ಹೋಗುತ್ತಲೇ ಇರಲಿಲ್ಲ.

ಮನೆಯಲ್ಲಿ ಅವಳು ತಾಟಿನಲ್ಲಿದ್ದ ರೊಟ್ಟಿ ಮುರಿಯದೆ ಕುಳಿತದ್ದನ್ನು ನೋಡಿ ಮಹಾಂತೇಶ ತಾನೂ ಊಟ ನಿಲ್ಲಿಸಿದ. ಅವಳು ನಡೆದದ್ದನ್ನೂ, ತಪ್ಪನ್ನು ಎಲ್ಲರಿಗೂ ತಿಳಿಸುವೆನೆಂಬುದನ್ನೂ ಹೇಳಿದ ಮೇಲೆ, “ಕೆಲಸ ಹೋಗಬಹುದೇನು?” ಎಂದ.

“ಕೆಲಸ ಹೋಗಲಿಕ್ಕಿಲ್ಲ. ಕುರ್ಚಿ ಹೋಗಬಹುದು.”

“ಮತ್ತ? ನಿಂತು ಕೆಲಸ ಮಾಡಿದ್ರಾತು,” ಎಂದು ಅವಳ ತಾಟಿಗೆ ಪಲ್ಯ ಬಡಿಸಿದ. ಆಮೇಲೆ ಗಂಭೀರವಾಗಿ, “ಆಕಿ ಮಗನ್ನ ಕಂಡು ಹೇಳಬೇಕು ನೋಡು. ಫೋನಿನ್ಯಾಗ ಬ್ಯಾಡ,” ಎಂದ.

ಆ ವಾರವೇ ರಾಜ್ಯದ ಪ್ರತಿ ಕಾರಿನ ಪರದೆಯ ಮೇಲೂ ಒಂದು ಪ್ರಕಟಣೆ ಬಂತು. ತಪ್ಪು ಚಾಲಕರದ್ದಲ್ಲ, ಬೀಗ ಬರೆದವರದ್ದು. ಇನ್ನು ಮೇಲೆ ಕಬ್ಬಿಣದ ಬಗೆಯ ಬ್ಯಾಟರಿಯನ್ನು ವಾರಕ್ಕೊಂದು ದಿನ ಪೂರ್ತಿ ತುಂಬಿಸಿ; ನೀವು ಆರಿಸಿದ ದಿನ ಬೀಗ ತೆರೆದಿರುತ್ತದೆ. ತುಂಬಿದ ಮೇಲೆ ಬಿಸಿಲಲ್ಲಿ ನಿಲ್ಲಿಸದೆ ಹೊರಟುಬಿಡಿ. ಉಳಿದ ದಿನ ಎಂಬತ್ತೇ ಸಾಕು. ದೂರದ ಪಯಣವಿದ್ದರೆ ಹೊರಡುವ ಮುಂಚೆ ನೂರು ತುಂಬಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕೆಳಗೆ ದಾನೇಶ್ವರಿಯ ಹೆಸರಿತ್ತು. ಗಲಗಲಿಯವರು ಎರಡು ದಿನ ಒಪ್ಪದೆ, ಕೊನೆಗೆ ತಮ್ಮ ಹೆಸರನ್ನೂ ಸೇರಿಸಿದ್ದರು.

ಪ್ರಕಟಣೆ ಹೊರಬೀಳುವ ದಿನ ದಾನೇಶ್ವರಿ ಬಸ್ಸು ಹಿಡಿದು ಮುಳವಾಡಕ್ಕೆ ಹೋದಳು. ರಾಜಮಾಳ ಕಾರು ಮನೆಯ ಮುಂದೆ ಬೇವಿನ ಮರದಡಿ ನಿಂತಿತ್ತು, ಮೇಲೆ ಧೂಳು ಕೂತಿತ್ತು. ಅವಳು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ಮಗ ಇಮಾಮಹುಸೇನ ಮನೆ ಕಟ್ಟುವ ಗೌಂಡಿ ಕೆಲಸದವನು, ಕೆಲಸಕ್ಕೆ ಹೊರಡುತ್ತಿದ್ದ. ಬೀಗದ ಆಫೀಸಿನವರು ಎಂದು ತಿಳಿದ ಕೂಡಲೇ ಅವನು ಬುತ್ತಿಯ ಗಂಟನ್ನು ಕಟ್ಟೆಯ ಮೇಲಿಟ್ಟು ನಿಂತ.

ದಾನೇಶ್ವರಿ ಅವನಿಗೇ ಹೇಳಿದಳು. “ನಿಮ್ಮವ್ವ ಸುಳ್ಳು ಹೇಳಿಲ್ಲ. ಮೀಟರ್‌ನ್ಯಾಗ ಇಪ್ಪತ್ತೆಂಟು ಇದ್ದದ್ದು ಖರೇ. ಆ ಅಂಕಿ ಸುಳ್ಳು ಹೇಳ್ತು. ಅದು ಸುಳ್ಳು ಹೇಳೂ ಹಂಗ ಮಾಡಿದಾಕಿ ನಾನು. ಗೊತ್ತಿಲ್ದ ಮಾಡಿದೆ. ನಿಮ್ಮವ್ವ ಬಂದು ಹೇಳಿದಾಗನೂ ಕೇಳಲಿಲ್ಲ.”

ಇಮಾಮಹುಸೇನನ ಮೋರೆ ಕೆಂಪಾಗಿ, ಬಾಯಿ ಬಿಗಿದಿತ್ತು. ಬೈಯುತ್ತಾನೆ ಎಂದುಕೊಂಡಳು ದಾನೇಶ್ವರಿ, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಒಳಗೆ ಹೋಗಿ ಕಾರಿನ ಚಾವಿ ತಂದು ಅವ್ವನ ಹತ್ತಿರ ಕಟ್ಟೆಯ ಮೇಲಿಟ್ಟ. ಕೈಗೆ ಕೊಡಲಿಲ್ಲ. ಮುಖ ನೋಡಲಿಲ್ಲ. ಬುತ್ತಿ ಎತ್ತಿಕೊಂಡು ಬೈಕು ಹತ್ತಿ ಹೋದ.

“ನಾಚಿಕಿ ಆಗೈತಿ ಅವಂಗ,” ಎಂದಳು ರಾಜಮಾ. “ಎರಡು ದಿನ ಬೇಕು.” ಆಮೇಲೆ ದಾನೇಶ್ವರಿಯ ಕಡೆ ತಿರುಗಿ, “ನೀವು ಕುಂದರ್ರಿ. ಚಹಾ ಮಾಡ್ತೀನಿ. ಸಿಟ್ಟು ಹೋಗಿಲ್ಲ ನನಗ, ಆದ್ರೂ ಚಹಾ ಕುಡೀರಿ,” ಎಂದಳು.

ಪ್ರಕಟಣೆಯ ಮೇಲೆ ಗದ್ದಲವೆದ್ದಿತು. ಗಲಗಲಿಯವರು ಅಂಜಿದ್ದರಲ್ಲಿ ಅರ್ಧದಷ್ಟು ನಡೆಯಿತು. ಎಷ್ಟೋ ಮಂದಿ ಪೇಟೆಯಲ್ಲಿ ಬೀಗ ಒಡೆಸಿಕೊಂಡು ದಿನವೂ ನೂರು ತುಂಬಿಸತೊಡಗಿದರು. ಆದರೆ ಬಹಳಷ್ಟು ಮಂದಿ ಹಾಗೆ ಮಾಡಲಿಲ್ಲ. ಶುಕ್ರವಾರವೋ ಸೋಮವಾರವೋ ತಮಗೆ ಬೇಕಾದ ಒಂದು ದಿನ ಇಟ್ಟುಕೊಂಡು, ಅವತ್ತು ತುಂಬಿಸಿಕೊಂಡು ದೂರದ ನೆಂಟರ ಮನೆಗೆ ಹೋಗಿ ಬರುವ ಹೊಸ ರೂಢಿ ಶುರುವಾಯಿತು. ದಾನೇಶ್ವರಿಯನ್ನು ಬೀಗದ ವಿಭಾಗದಿಂದ ತೆಗೆದು ಬೇರೆ ಕಡೆ ಹಾಕಬೇಕೆಂದು ಮೇಲಿನಿಂದ ಆದೇಶ ಬಂದಾಗ, ದೂರು ವಿಭಾಗಕ್ಕೆ ಹಾಕಿ ಎಂದು ಅವಳೇ ಕೇಳಿಕೊಂಡಳು. ಅಲ್ಲಿ ಅವಳು ಮಾಡಿದ ಮೊದಲ ಬದಲಾವಣೆ ಎಂದರೆ, ದೂರು ಕೊಟ್ಟವರಿಗೆ ಉತ್ತರ ಹೋಗುವ ಮುಂಚೆ ಯಾರಾದರೂ ಒಬ್ಬರು ಹೋಗಿ ಗಾಡಿಯನ್ನು ನೋಡಿ ಬರಬೇಕು ಎಂದದ್ದು.

ಒಂದು ದಿನ ಬೆಳಿಗ್ಗೆ ರಾಜಮಾಳ ಫೋನು ಬಂತು. “ಕೂಸಿನ್ನ ಇವತ್ತು ಮನಿಗೆ ಬಿಡ್ತಾರಂತ್ರಿ. ದೊಡ್ಡಾಸ್ಪತ್ರಿಗೆ ಬರ್ರಿ, ನೋಡೀರಂತ.”

ಆಸ್ಪತ್ರೆಯ ಅಂಗಳದಲ್ಲಿ ಎರಡು ಗಾಡಿಗಳು ನಿಂತಿದ್ದವು. ಒಂದು ರಾಜಮಾಳದ್ದು, ತೊಳೆದು ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಇಮಾಮಹುಸೇನ ಬೇರೆಯವರ ಹತ್ತಿರ ಗೊತ್ತುಮಾಡಿದ ಬಾಡಿಗೆ ಕಾರು. ಅವನು ಆ ಕಾರಿನ ಬಾಗಿಲು ತೆರೆದುಕೊಂಡು ನಿಂತಿದ್ದ. ಅವ್ವನ ಮೇಲೆ ಸಿಟ್ಟಿನಿಂದಲ್ಲ ಎಂಬುದು ಅವನನ್ನು ನೋಡಿದರೇ ತಿಳಿಯುತ್ತಿತ್ತು. ಆ ದಾರಿ, ಆ ಬಿಸಿಲು ಅವನ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ.

ರಾಜಮಾಳ ಸೊಸೆ ಜುಬೇದಾ ಕೂಸನ್ನು ಎದೆಗವಚಿಕೊಂಡು ಮೆಟ್ಟಿಲು ಇಳಿದು ಬಂದಳು. ಬಿಳಿ ಬಟ್ಟೆಯೊಳಗಿಂದ ಬೆರಳ ತುದಿಯಷ್ಟು ಸಣ್ಣ ಮೂಗು ಕಾಣುತ್ತಿತ್ತು. ಎರಡೂ ಗಾಡಿಗಳನ್ನು ನೋಡಿದಳು. ಗಂಡ ತೆರೆದು ಹಿಡಿದಿದ್ದ ಬಾಗಿಲನ್ನು ದಾಟಿ ಹೋಗಿ ಅತ್ತೆಯ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು.

“ನನ್ನ ಹೆರಿಗಿ ಮಾಡಿದವ್ರು ಅತ್ತಿ,” ಎಂದಳು ಗಂಡನಿಗೆ, ಅಷ್ಟೇ.

ರಾಜಮಾ ಚಾವಿ ತಿರುಗಿಸಿದಳು. ಮೀಟರಿನಲ್ಲಿ ಬೆಳಗಿನ ನೂರರಲ್ಲಿ ಎಂಬತ್ತಾರು ಉಳಿದಿತ್ತು. ಕಿಟಕಿಯಾಚೆ ನಿಂತಿದ್ದ ದಾನೇಶ್ವರಿ ಆ ಅಂಕಿಯನ್ನು ನೋಡಿದ್ದನ್ನು ಅವಳು ಗಮನಿಸಿದಳು. ಕೂಸಿನ ಮುಖದ ಬಟ್ಟೆ ಸರಿಸಿ ಅವಳಿಗೆ ತೋರಿಸಿದಳು.

ಇಮಾಮಹುಸೇನ ಬಾಡಿಗೆ ಕಾರಿನವನನ್ನು ಕಳಿಸಿ, ತನ್ನ ಬೈಕು ತಂದು ಅವ್ವನ ಗಾಡಿಯ ಹಿಂದೆ ನಿಲ್ಲಿಸಿಕೊಂಡ. “ನೀ ಹೊಂಡು, ನಾ ಹಿಂದ ಹಿಂದ ಬರ್ತೀನಿ,” ಎಂದ.

ರಾಜಮಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಯಾಕ, ನಡು ದಾರ್‍ಯಾಗ ನಿಂತಗಿಂತಾಳು ಅಂತೇನು? ಹಿಂದ ಬರಬ್ಯಾಡ. ಮುಂದ ಹೋಗು. ಮನ್ಯಾಗ ನೀರು ಕಾಸಿಡು, ಕೂಸು ಬರತೈತಿ ಅಂತ ಓಣಿಯವರಿಗೆ ಹೇಳು.”

ಅವನು ಹ್ಯಾಂಡಲು ಹಿಡಿದುಕೊಂಡು ನಿಂತ. ಗಾಡಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಅವ್ವನ ಮುಖ ನೋಡಿದ. “ಹೂಂ ಅವ್ವಾ,” ಎಂದು ಬೈಕು ಚಾಲೂ ಮಾಡಿ ಅವಳ ಗಾಡಿಯನ್ನು ಬಳಸಿ ಮುಂದೆ ಹೋದ. ಗೇಟು ದಾಟಿ ಮುಳವಾಡದ ರಸ್ತೆಗೆ ತಿರುಗುವ ತನಕ ದಾನೇಶ್ವರಿ ಅವನನ್ನೇ ನೋಡುತ್ತಿದ್ದಳು. ಅವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.